ನಕ್ಷೆಯೊಳಗ ಒಂದು, ಗೂಟ ಹೊಡದಿದ್ದು ಇನ್ನೊಂದು: ತಕರಾರು ಯಾರಿಗೆ ಕೊಡೂದು?

ಹೊಸೂರಕ್ರಾಸ್ ಕೇಳಿದ್ದು:

ಎಲ್ಲಾರಿಗೂ ನಮಸ್ಕಾರ್ರಿ. ಹುಬ್ಬಳ್ಳಿ-ಧಾರವಾಡದಾಗ ಯಾವ ದೊಡ್ಡ ಕಾಮಗಾರಿ ತಗೊಂಡ್ರೂ ನಡುವ ಬಂದು ನಿಲ್ಲೂ ಮಾತು ಒಂದ: "ಪ್ಲಾನ್ ಚೇಂಜ್ ಆಗೇತಿ." ಚಿಗರಿ ಬಸ್ಸಿಗಂತ (ಬಿಆರ್‌ಟಿಎಸ್) ಬಿಟ್ಟ ಲೇನು ಎಲ್ಲಾ ಗಾಡಿಗೂ ಬಿಡ್ರಿ ಅನ್ನವರು ಒಂದು ಕಡೆ, ಚಿಗರಿ ತಗದು ಟ್ರಾಮಿನಂಥ ಉದ್ದನ ಇಲೆಕ್ಟ್ರಿಕ್ ಬಸ್ ತರೂಣು ಅನ್ನವರು ಇನ್ನೊಂದು ಕಡೆ. ಚೆನ್ನಮ್ಮ ಸರ್ಕಲ್ ಫ್ಲೈಓವರ್ ನಕ್ಷೆ ಮ್ಯಾಲಂತೂ ಸುರುವಿನಿಂದ ತಕರಾರು ಐತಿ. ರಸ್ತೆ ಅಗಲ ಮಾಡೂ ಕಡೆ ಸಭೆಯೊಳಗ ತೋರಿಸಿದ ಗೆರಿ ಬೇರೆ, ಗ್ವಾಡಿ ಮ್ಯಾಲ ಹಚ್ಚಿದ ಕೆಂಪು ಬಣ್ಣ ಬೇರೆ.

ಯಾರ ಪರ, ಯಾರ ವಿರೋಧ ಅನ್ನೂದು ಇಲ್ಲಿ ಬ್ಯಾಡ್ರಿ. ಕೇಳೂದು ಇಷ್ಟ: ಬದಲಾವಣಿ ಖರೇನ ಮಂಜೂರಾಗೇತೋ, ಬರೇ ಬಾಯಿಮಾತೋ ಅಂತ ಗೊತ್ತು ಮಾಡ್ಕೊಳ್ಳೂದು ಹೆಂಗ? ತಕರಾರು ಯಾವ ಆಫೀಸಿಗೆ, ಎಷ್ಟು ದಿನದೊಳಗ ಕೊಡಬೇಕು? ಟೆಂಡರ್ ಆದಮ್ಯಾಲ ನಕ್ಷೆ ಬದಲಿ ಮಾಡೂದ ಕಾನೂನುಬಾಹಿರ ಅಂತಾರಲ್ಲ, ಅದು ಖರೇನ? ಚಿಗರಿ ಲೇನ್ ಬಿಡೂದು ಅಂದ್ರ ತಾಂತ್ರಿಕವಾಗಿ ಏನೇನು ಬದಲಿ ಮಾಡಬೇಕಾಗ್ತೈತಿ? ಗೊತ್ತಿದ್ದವರು ಬರೀರಿ.

ನೀಲಿನಕ್ಷೆ ಬರೆದದ್ದು:

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. "ಪ್ಲಾನ್" ಅನ್ನುವ ಒಂದೇ ಪದಕ್ಕೆ ನಮ್ಮಲ್ಲಿ ನಾಲ್ಕು ಬೇರೆ ಬೇರೆ ಕಾಗದಗಳಿವೆ. ನಾಲ್ಕಕ್ಕೂ ಕಚೇರಿ ಬೇರೆ, ಗಡುವು ಬೇರೆ. ಇಲ್ಲಿ ಬರುವ ತಕರಾರುಗಳಲ್ಲಿ ಹೆಚ್ಚಿನವು ಬೀಳುವುದು ವಿಷಯ ಪೊಳ್ಳು ಅಂತಲ್ಲ, ತಪ್ಪು ಬಾಗಿಲು ತಟ್ಟಿದ್ದಕ್ಕೆ.

ಎಲ್ಲಕ್ಕಿಂತ ಮೇಲಿನದು ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್. ಇದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಕೆಳಗೆ ಬರುತ್ತದೆ. ನಮ್ಮ ಅವಳಿ ನಗರಕ್ಕೆ ಯೋಜನಾ ಪ್ರಾಧಿಕಾರ ಎಂದರೆ ಹುಡಾ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ), ಪಾಲಿಕೆ ಅಲ್ಲ. ಹೊಸ ಮಹಾಯೋಜನೆಯ ಕರಡು ಹೊರಬಿದ್ದಾಗ ಸಾರ್ವಜನಿಕರಿಗೆ 60 ದಿನ ಸಿಗುತ್ತದೆ. ನಡುವೆ ಯಾವುದೋ ಜಾಗದ ಬಳಕೆ ಬದಲಿಸಬೇಕೆಂದರೆ (ಉದ್ಯಾನ ಇದ್ದದ್ದು ವಾಣಿಜ್ಯ ಆಗುವುದು, ಹಸಿರು ಪಟ್ಟಿ ವಸತಿ ಆಗುವುದು) 14ಎ ಕಲಂ ಇದೆ. ಅದರಲ್ಲಿ ಷರತ್ತು ಸ್ಪಷ್ಟ: ಸರ್ಕಾರದ ಪೂರ್ವಾನುಮತಿ ಬೇಕು, ಬದಲಾವಣೆ ಸಾರ್ವಜನಿಕ ಹಿತಕ್ಕಿರಬೇಕು, ಆ ಭಾಗದಲ್ಲಿ ಓದುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆದಿರಬೇಕು. ಪ್ರಕಟಣೆಯೇ ಆಗದೆ ಬಳಕೆ ಬದಲಾಗಿದ್ದರೆ ಅಷ್ಟೇ ಸಾಕು, ಬೇರೆ ವಾದ ಬೇಡ. ಆದರೆ ಈ ಪ್ರಕಟಣೆಗಳು ಒಳಪುಟದಲ್ಲಿ ಟೆಂಡರ್ ಜಾಹೀರಾತುಗಳ ನಡುವೆ ಸಣ್ಣಕ್ಷರದಲ್ಲಿ, ಬರೀ ಸರ್ವೆ ನಂಬರಿನಲ್ಲಿ ಇರುತ್ತವೆ. ಓಣಿಯ ಹೆಸರು ಹುಡುಕುತ್ತ ಕೂತರೆ ಸಿಗುವುದಿಲ್ಲ.

ಎರಡನೆಯದು ಡಿಪಿಆರ್, ಅಂದರೆ ವಿಸ್ತೃತ ಯೋಜನಾ ವರದಿ. ಇದಕ್ಕೆ ಆಡಳಿತಾತ್ಮಕ ಮಂಜೂರಾತಿ ಸಿಗುತ್ತದೆ, ಆದೇಶ ಸಂಖ್ಯೆ ಇರುತ್ತದೆ. ಮಂತ್ರಿಗಳು ವೇದಿಕೆಯಲ್ಲಿ ಹೇಳಿದ್ದಕ್ಕೂ ಈ ಆದೇಶಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಟ್ರಾಮಿನಂಥ ಬಸ್ಸಿನ ವಿಷಯದಲ್ಲೂ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಆದೇಶ ಆಗಿದೆಯೇ, ದಿನಾಂಕ ಯಾವುದು?

ಮೂರನೆಯದು ಟೆಂಡರ್ ನಕ್ಷೆ, ನಾಲ್ಕನೆಯದು ಜಾಗದಲ್ಲಿ ಕೆಲಸ ನಡೆಯುವ ನಕ್ಷೆ. ಇವೆರಡರ ನಡುವೆ ವ್ಯತ್ಯಾಸ ಇದ್ದೇ ಇರುತ್ತದೆ. ಅದು ತಾನಾಗಿಯೇ ಕಾನೂನುಬಾಹಿರ ಅಲ್ಲ. ಮುಂದಿನವರು ಬಿಡಿಸಿ ಹೇಳಲಿ.

ಕೆಲಸ ಯಾರದು ಎಂಬುದನ್ನೂ ಮೊದಲೇ ತಿಳಿದುಕೊಳ್ಳಿ. ಚೆನ್ನಮ್ಮ ವೃತ್ತದ ಮೇಲ್ಸೇತುವೆ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗದ್ದು, ದುಡ್ಡು ಕೇಂದ್ರದ್ದು. ಪಾಲಿಕೆ ಆಯುಕ್ತರಿಗೆ ಮನವಿ ಕೊಟ್ಟರೆ ಸ್ವೀಕೃತಿ ಸಿಗುತ್ತದೆ, ಉತ್ತರ ಸಿಗುವುದಿಲ್ಲ. ಚಿಗರಿ ಕಾರಿಡಾರು ಬಿಆರ್‌ಟಿಎಸ್ ಕಂಪನಿಯದು, ಬಸ್ ಓಡಿಸುವುದು ವಾಯವ್ಯ ಸಾರಿಗೆ. ಸ್ಮಾರ್ಟ್ ಸಿಟಿ ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿದಿದೆ, ಹಾಗಾಗಿ ಅದರ ಕಾಮಗಾರಿಗಳಲ್ಲಿ ಮೊದಲು ಕೇಳಬೇಕಾದ್ದು ಹಸ್ತಾಂತರ ಪತ್ರ.

ಎರೆಮಣ್ಣು ಬರೆದದ್ದು:

ಟೆಂಡರ್ ಆದ ಮೇಲೆ ನಕ್ಷೆ ಬದಲಾಗುವುದು ಯಾಕೆ ಅಂತ ಹೇಳುತ್ತೇನೆ. ಕಾರಣ ಹೆಚ್ಚಾಗಿ ನೆಲದ ಕೆಳಗಿರುತ್ತದೆ. ನೀರಿನ ದೊಡ್ಡ ಕೊಳವೆ, ಒಳಚರಂಡಿ, ಹೆಸ್ಕಾಂ ಕೇಬಲ್, ಟೆಲಿಫೋನ್ ಡಕ್ಟ್ ಎಲ್ಲಿವೆ ಎಂದು ಡಿಪಿಆರ್ ಹಂತದಲ್ಲಿ ಯಾರೂ ಪೂರ್ತಿ ಅಗೆದು ನೋಡಿರುವುದಿಲ್ಲ. ಇಲಾಖೆಗಳ ಹಳೆಯ ನಕ್ಷೆ ಇಟ್ಟುಕೊಂಡು ಗೆರೆ ಎಳೆದಿರುತ್ತಾರೆ. ಫ್ಲೈಓವರಿನ ಕಂಬ ನೆಲದ ಮೇಲೆ 2 ಮೀಟರ್ ಕಂಡರೂ ಕೆಳಗಿನ ಪೈಲ್ ಕ್ಯಾಪ್ (ಅಡಿಪಾಯದ ಕಾಂಕ್ರೀಟ್ ದಿಮ್ಮಿ) 6-7 ಮೀಟರ್ ಇರಬಹುದು. ಅಗೆಯುವಾಗ ಅದರ ಮೂಲೆಗೆ ಕೊಳವೆ ಸಿಕ್ಕಿತು ಅನ್ನಿ: ಒಂದೋ ಕೊಳವೆ ಸರಿಸಬೇಕು, ಇಲ್ಲವೋ ಕಂಬ ಸರಿಸಬೇಕು. ಕಂಬ ಸರಿದರೆ ಸ್ಪ್ಯಾನ್ (ಎರಡು ಕಂಬದ ನಡುವಿನ ಅಂತರ) ಬದಲಾಗುತ್ತದೆ, ಸ್ಪ್ಯಾನ್ ಬದಲಾದರೆ ಗರ್ಡರ್ (ತೊಲೆ) ಲೆಕ್ಕ ಹೊಸದಾಗಿ ಆಗಬೇಕು. ಸಾಲದ್ದಕ್ಕೆ ನಮ್ಮದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಗಟ್ಟಿ ಪದರ ಎಷ್ಟು ಆಳಕ್ಕೆ ಸಿಗುತ್ತದೆ ಅನ್ನುವುದು ಬೋರ್ ಹೊಡೆದ ಕಡೆಯಷ್ಟೇ ಗೊತ್ತು. ಎರಡು ಬೋರಿನ ನಡುವೆ ಏನಿದೆ ಅಂತ ಪೈಲ್ ಇಳಿಸಿದಾಗಲೇ ತಿಳಿಯುವುದು.

ಇಂಥ ಬದಲಾವಣೆ ನ್ಯಾಯವಾಗಿ ಆಗಿದ್ದರೆ ಬೆನ್ನಿಗೆ ಕಾಗದ ಇರುತ್ತದೆ. ಟೆಂಡರಿನಲ್ಲಿದ್ದ ಐಟಂನ ಪ್ರಮಾಣ ಹೆಚ್ಚುಕಮ್ಮಿ ಆದರೆ ವರ್ಕ್ ಸ್ಲಿಪ್. ಟೆಂಡರಿನಲ್ಲೇ ಇಲ್ಲದ ಹೊಸ ಐಟಂ ಬಂದರೆ ಇಐಆರ್‌ಎಲ್, ಅಂದರೆ ಹೆಚ್ಚುವರಿ ಐಟಂಗಳ ದರಪಟ್ಟಿ. ಒಂದೊಂದು ಐಟಂ ಸಾಮಾನ್ಯವಾಗಿ 25% ತನಕ ಹೆಚ್ಚಾದರೆ ಟೆಂಡರ್ ದರದಲ್ಲೇ ಮಾಡಬೇಕು, ಅದನ್ನು ದಾಟಿದರೆ ದರದ ಮಾತು ಹೊಸದಾಗಿ ಬರುತ್ತದೆ. ಹಾಗಾಗಿ ವರ್ಕ್ ಸ್ಲಿಪ್ ಸಿಕ್ಕಾಗ ಮೊತ್ತ ನೋಡಿ ಬೆಚ್ಚಬೇಡಿ, ಐಟಂವಾರು ಶೇಕಡಾ ನೋಡಿ. 24% ಹತ್ತಿರ ಸಾಲುಸಾಲಾಗಿ ನಿಂತ ಐಟಂ ಕಂಡರೆ ಅಲ್ಲಿ ಒಂದು ಪ್ರಶ್ನೆ ಕೇಳಬಹುದು.

ರ‍್ಯಾಂಪ್ ಎಲ್ಲಿ ಇಳಿಯಬೇಕು ಅನ್ನುವ ಜಗಳಕ್ಕೆ ಕೈಲೆಕ್ಕ ಸಾಕು. ನಗರದಲ್ಲಿ ಸೇತುವೆ ಕೆಳಗೆ 5.5 ಮೀಟರ್ ಎತ್ತರ ಬಿಡಬೇಕು. ಗರ್ಡರು, ಸ್ಲ್ಯಾಬು ಸೇರಿ ಸುಮಾರು 2 ಮೀಟರ್ ಅನ್ನಿ. ಮೇಲಿನ ರಸ್ತೆ 7.5 ಮೀಟರ್ ಎತ್ತರಕ್ಕೆ ಬಂತು. 30ಕ್ಕೆ 1ರ ಇಳಿಜಾರು ಹಿಡಿದರೆ 225 ಮೀಟರ್ ರ‍್ಯಾಂಪ್. ಮೇಲೆ ಕೆಳಗೆ ಬಾಗು ಕೊಡಬೇಕಾದ್ದರಿಂದ ಇನ್ನೂ ಉದ್ದ. "ನಮ್ಮ ಅಂಗಡಿ ಮುಂದ ಬ್ಯಾಡ, 50 ಮೀಟರ್ ಹಿಂದಕ್ಕ ಇಳಸ್ರಿ" ಅಂದರೆ ಉಳಿಯುವುದು 175 ಮೀಟರ್, ಇಳಿಜಾರು 23ಕ್ಕೆ 1ರಷ್ಟು ಕಡಿದಾಗುತ್ತದೆ. ಲೋಡ್ ಲಾರಿ ಹತ್ತುವಾಗ ಅದೇ ಎರಡು ಲೇನಿಗೂ ವೇಗ ನಿಗದಿ ಮಾಡುತ್ತದೆ. ಉಲ್ಟಾ, ರ‍್ಯಾಂಪ್ ಮುಂದಕ್ಕೆ ಚಾಚಿ ಸಿಗ್ನಲ್ಲಿನ ಬಾಯಿಗೇ ಇಳಿಸಿದರೆ ಮೇಲಿನಿಂದ ಬಂದವರು ಎಡಕ್ಕೆ ತಿರುಗಲು, ಕೆಳಗಿನವರು ಬಲಕ್ಕೆ ಹೋಗಲು ಒಂದೇ ಜಾಗದಲ್ಲಿ ಹೆಣೆದುಕೊಳ್ಳುತ್ತಾರೆ. ಸಭೆಯಲ್ಲಿ ಕೇಳಬೇಕಾದ್ದು ಬಣ್ಣದ ಚಿತ್ರ ಅಲ್ಲ, ಜಿಎಡಿ, ಅಂದರೆ ಇಡೀ ಸೇತುವೆಯ ಅಳತೆ ಸಹಿತ ವಿನ್ಯಾಸ ನಕ್ಷೆ. ಅದರಲ್ಲೂ ಉದ್ದುದ್ದ ಸೀಳಿದ ಪ್ರೊಫೈಲ್. ಬಣ್ಣದ ಚಿತ್ರದಲ್ಲಿ ಮರ ಬರೆದಿರುತ್ತಾರೆ, ಚೇನೇಜ್ (ಆರಂಭದಿಂದ ಎಷ್ಟು ಮೀಟರ್ ಅನ್ನುವುದು) ಬರೆದಿರುವುದಿಲ್ಲ.

ಸಿಟಿಎಸ್_ಉತಾರ ಬರೆದದ್ದು:

ಗ್ವಾಡಿ ಮ್ಯಾಲಿನ ಕೆಂಪು ಬಣ್ಣದ ಬಗ್ಗೆ ಕೇಳೀರಿ. ಆ ಬಣ್ಣಕ್ಕ ಕಾನೂನಿನಾಗ ಏನೂ ಬೆಲಿ ಇಲ್ರಿ. ಅದು ಅಳತಿ ಮಾಡವರ ಗುರುತು ಅಷ್ಟ. ಬೆಲಿ ಇರೂದು ಅಧಿಸೂಚನಿಯೊಳಗ ಬರೆದ ಸಿಟಿಎಸ್ (ನಗರ ಮೋಜಣಿ) ನಂಬರಿಗೆ, ಅದರ ಮುಂದಿನ ಚದರ ಮೀಟರಿಗೆ.

ಹೆದ್ದಾರಿ ಕಾಯ್ದೆ 1956ರ ಕೆಳಗ ನೋಟಿಸ್ ಆಗಿದ್ರ ಅದು 3ಎ. ತಕರಾರು ಕೊಡಾಕ 21 ದಿನ, ಅದೂ ರಾಜಪತ್ರದಾಗ ಪ್ರಕಟ ಆದ ದಿನದಿಂದ. ಪೇಪರಿನಾಗ ನೋಡಿದ ದಿನದಿಂದ ಎಣಿಸಿ ಭಾಳ ಮಂದಿ ಕೆಡಸ್ಕೊತಾರ. ಪೇಪರಿನಾಗ ಬರೂ ಹೊತ್ತಿಗೆ ಒಂದು ವಾರ ಹೋಗಿರಬಹುದು. 2013ರ ಭೂಸ್ವಾಧೀನ ಕಾಯ್ದೆ ಕೆಳಗಾದ್ರ 11ನೇ ಕಲಂ ಪ್ರಾಥಮಿಕ ಅಧಿಸೂಚನಿ, 15ನೇ ಕಲಂ ಕೆಳಗ ತಕರಾರಿಗೆ 60 ದಿನ. ತಕರಾರಿನಾಗ ಮೂರ ವಿಷಯ ನಡೀತಾವ: ಜಾಗದ ವಿಸ್ತೀರ್ಣ ಮತ್ತ ಅದು ಕೆಲಸಕ್ಕ ತಕ್ಕದ್ದೋ ಇಲ್ಲೋ, ಸಾರ್ವಜನಿಕ ಉದ್ದೇಶ ಸಮರ್ಥನೀಯವೋ ಇಲ್ಲೋ, ಸಾಮಾಜಿಕ ಪರಿಣಾಮ ವರದಿಯೊಳಗಿನ ಮಾತು. "ನಮ್ಮ ಹಿರ್ಯಾರ ಕಾಲದ ಅಂಗಡಿ" ಅಂತ ಎರಡು ಪುಟ ಬರದ್ರ ಮೂರರೊಳಗ ಯಾವುದಕ್ಕೂ ಕೂಡೂದಿಲ್ಲ.

ಗೆರಿ ಬದಲಿ ಆದಾಗ ನೋಡಬೇಕಾದ್ದು ಒಂದ. ಅಧಿಸೂಚನಿಯೊಳಗ ಇಲ್ಲದ ಸಿಟಿಎಸ್ ನಂಬರಿಗೆ ಹೊಸ ಗೆರಿ ಹಾಯ್ದೈತೇನು? ಹಾಯ್ದಿದ್ರ ಆ ನಂಬರಿಗೆ ಹೊಸ ಅಧಿಸೂಚನಿ ಬೇಕ. "ಅಡ್ಜಸ್ಟ್ ಮಾಡ್ಕೊರಿ, ಆಮ್ಯಾಲ ಪರಿಹಾರ ಕೊಡ್ತೀವಿ" ಅಂದ್ರ ಬರದ ಕೊಡ್ರಿ ಅನ್ರಿ. ಜಂಟಿ ಮೋಜಣಿಗೆ ಬಂದಾಗ ಪಿಆರ್ ಕಾರ್ಡ್ (ಆಸ್ತಿ ದಾಖಲಿ), ಕಟ್ಟಡ ಪರವಾನಗಿ, ತೆರಿಗಿ ಪಾವತಿ ಮುಂದ ಇಡ್ರಿ. ಟೇಪು ಎಲ್ಲಿಂದ ಹಿಡದಾರ ಅಂತ ನೋಡ್ರಿ. ರಸ್ತೆ ನಡುಗೆರಿಯಿಂದ ಹಿಡೀಬೇಕಾದ್ದನ್ನ ಈಗಿನ ಡಿವೈಡರಿನಿಂದ ಹಿಡದ್ರ ಒಂದು ಮಗ್ಗಲಿಗೆ ಒಂದೊಂದು ಮೀಟರ್ ಹೆಚ್ಚ ಹೋಗ್ತೈತಿ, ಯಾಕಂದ್ರ ಡಿವೈಡರು ಎಲ್ಲಾ ಕಡೆ ನಟ್ಟನಡುವ ಇರೂದಿಲ್ಲ. ಪಂಚನಾಮಿಗೆ ಸಹಿ ಮಾಡೂಕಿಂತ ಮೊದಲ ಚದರ ಮೀಟರ್ ಅಂಕಿಯೊಳಗೂ ಅಕ್ಷರದಾಗೂ ಬರಸ್ರಿ. ಒಪ್ಪಿಗಿ ಇಲ್ಲಂದ್ರ "ಆಕ್ಷೇಪಣೆಗೆ ಒಳಪಟ್ಟು" ಅಂತ ಬರದು ಸಹಿ ಮಾಡ್ರಿ. ಸಹಿನ ಮಾಡದ ಹೋದ್ರ ಗೈರುಹಾಜರಿ ಅಂತ ಬರಕೊಂಡ ಹೋಗ್ತಾರ, ಆ ಅಳತಿನ ಮುಂದ ನಿಲ್ಲತೈತಿ.

2013ರ ಕಾಯ್ದೆಯೊಳಗ 94ನೇ ಕಲಂ ಮಂದಿಗೆ ಗೊತ್ತಿಲ್ಲ. ಕಟ್ಟಡದ ಒಂದು ತುಂಡನ್ನಷ್ಟ ತಗೊಳ್ಳಾಕ ಬಂದಾಗ ಮಾಲಕರು "ತಗೊಂಡ್ರ ಪೂರ್ತಿ ತಗೋರಿ" ಅಂತ ಕೇಳಬಹುದು. 6 ಮೀಟರ್ ಆಳದ ಅಂಗಡಿಯೊಳಗ ಮುಂದಿನ 1.5 ಮೀಟರ್ ಹೋತಂದ್ರ ಮುಂದಿನ ಸಾಲಿನ ಕಂಬನ ಹೋಗ್ತಾವ, ಉಳದದ್ದು ನಿಲ್ಲೂದಿಲ್ಲ. ಪರಿಹಾರದ ಲೆಕ್ಕ: ಮಾರುಕಟ್ಟಿ ಬೆಲಿ, ಅದರ ಮ್ಯಾಲ 100% ಸಾಂತ್ವನ ಮೊತ್ತ. ಹೆದ್ದಾರಿಗೆ ತಗೊಂಡ ಜಾಗಕ್ಕೂ 2015ರಿಂದ ಇದ ಸೂತ್ರ.

ಇನ್ನೊಂದು. ಮಹಾಯೋಜನೆಯೊಳಗ ಸಾರ್ವಜನಿಕ ಕೆಲಸಕ್ಕಂತ ಗುರುತು ಹಾಕಿ 5 ವರ್ಷದೊಳಗ ಒಪ್ಪಂದದಿಂದ ತಗೊಳ್ಳದ, ಸ್ವಾಧೀನದ ಪ್ರಕ್ರಿಯೆನೂ ಸುರು ಮಾಡದಿದ್ರ 1961ರ ಕಾಯ್ದೆ 69ನೇ ಕಲಂ ಪ್ರಕಾರ ಆ ಗುರುತು ಬಿದ್ದುಹೋಗ್ತೈತಿ. ಹಳೇ ಗೆರಿ ತೋರ್ಸಿ ಪರವಾನಗಿ ನಿಲ್ಲಿಸಿದ್ರ ಮೊದಲ ಇದನ್ನ ಕೇಳ್ರಿ.

ಹೊಸೂರಕ್ರಾಸ್ ಬರೆದದ್ದು:

ಉತಾರ ಸರ್, 94ನೇ ಕಲಂ ಖರೇನ ಗೊತ್ತಿದ್ದಿಲ್ರಿ. ಈ ಜಿಎಡಿ, ವರ್ಕ್ ಸ್ಲಿಪ್ ಎಲ್ಲಾ ಮಾಹಿತಿ ಹಕ್ಕಿನಾಗ ಕೇಳಬಹುದಲ್ರಿ? "ಕಡತ ಲಭ್ಯವಿಲ್ಲ" ಅಂತ ಬರೂದ ಹೆಚ್ಚು. ಅರ್ಜಿ ಹೆಂಗ ಬರೀಬೇಕು?

ಪೋಸ್ಟಲ್_ಆರ್ಡರ್ ಬರೆದದ್ದು:

"ಲಭ್ಯವಿಲ್ಲ" ಅಂತ ಬರುವುದಕ್ಕೆ ಅರ್ಧ ಕಾರಣ ಅರ್ಜಿಯಲ್ಲೇ ಇರುತ್ತದೆ. "ಯೋಜನೆ ಯಾಕೆ ಬದಲಿಸಿದಿರಿ?" ಅಂತ ಕೇಳಿದರೆ ಅದು ಮಾಹಿತಿ ಅಲ್ಲ, ವಿವರಣೆ. ದಾಖಲೆಯ ಹೆಸರು ಹಿಡಿದು ಕೇಳಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಫ್ಲೈಓವರು, ಚಿಗರಿ ಎರಡನ್ನೂ ಒಂದರಲ್ಲೇ ತುರುಕಬೇಡಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಹೀಗೆ ಬರೆಯಿರಿ:

"(ಕಾಮಗಾರಿ ಹೆಸರು, ಟೆಂಡರ್ ಸಂಖ್ಯೆ)ಗೆ ಸಂಬಂಧಿಸಿ: ಆಡಳಿತಾತ್ಮಕ ಮಂಜೂರಾತಿ ಆದೇಶ, ಮೊದಲು ಅನುಮೋದನೆಯಾದ ಜಿಎಡಿ ಹಾಗೂ ನಂತರದ ಎಲ್ಲ ಪರಿಷ್ಕೃತ ಜಿಎಡಿಗಳು, ಪರಿಷ್ಕರಣೆ ಸಂಖ್ಯೆ ಮತ್ತು ದಿನಾಂಕ ಸಹಿತ, ಪರಿಷ್ಕರಣೆಗೆ ಅನುಮೋದನೆ ನೀಡಿದ ಟಿಪ್ಪಣಿ ಹಾಳೆ, ಇದುವರೆಗಿನ ವರ್ಕ್ ಸ್ಲಿಪ್ ಮತ್ತು ಇಐಆರ್‌ಎಲ್ ದೃಢೀಕೃತ ಪ್ರತಿ. ಪ್ರತಿಗೂ ಮೊದಲು ಕಡತ ಪರಿಶೀಲನೆಗೆ ದಿನಾಂಕ ನೀಡಿ."

ಕೊನೆಯ ಸಾಲು ಬಿಡಬೇಡಿ. ಪರಿಶೀಲನೆ ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಕಲಂನಲ್ಲಿರುವ ಹಕ್ಕು. ದೊಡ್ಡ ನಕ್ಷೆಯ ಪ್ರತಿ ತೆಗೆಯಲು ಖರ್ಚು ಹೆಚ್ಚು, ಕೂತು ನೋಡಿ ಬೇಕಾದ ಹಾಳೆಯನ್ನಷ್ಟೇ ಕೇಳಿ. ಎ0 ಹಾಳೆಯನ್ನು ಎ4ಗೆ ಕುಗ್ಗಿಸಿ ಕೊಟ್ಟರೆ ಅಳತೆ ಓದಲು ಬರುವುದಿಲ್ಲ. ಸಾಫ್ಟ್ ಪ್ರತಿ ಕೊಡಿ ಅನ್ನಿ. ನಕ್ಷೆಯ ಬಲಗಡೆ ಕೆಳಮೂಲೆಯಲ್ಲಿ ಚೌಕದೊಳಗೆ ಪರಿಷ್ಕರಣೆ ಪಟ್ಟಿ ಇರುತ್ತದೆ: ಆರ್0, ಆರ್1, ಆರ್2. ಆರ್1 ಆದ ಮೇಲೆ ನೇರ ಆರ್3 ಕೊಟ್ಟಿದ್ದರೆ ಆರ್2 ಎಲ್ಲಿ ಅಂತ ಕೇಳಿ.

ತಪ್ಪು ಕಚೇರಿಗೆ ಹಾಕಿದರೂ 6(3)ರ ಪ್ರಕಾರ 5 ದಿನದಲ್ಲಿ ಅವರೇ ಸರಿಯಾದ ಕಚೇರಿಗೆ ಕಳಿಸಬೇಕು. ಉತ್ತರಕ್ಕೆ 30 ದಿನ, ಆಮೇಲೆ ಮೊದಲ ಮೇಲ್ಮನವಿಗೆ 30 ದಿನ, ಆಯೋಗಕ್ಕೆ ಎರಡನೆಯದಕ್ಕೆ 90 ದಿನ. 21 ದಿನದ ಹೆದ್ದಾರಿ ತಕರಾರಿಗೆ ಈ ಕಾಗದ ಬರುವ ತನಕ ಕಾಯಬೇಡಿ. ತಕರಾರು ಮೊದಲು ಕೊಟ್ಟುಬಿಡಿ, ದಾಖಲೆ ಬಂದ ಮೇಲೆ ಹೆಚ್ಚುವರಿ ಹೇಳಿಕೆ ಅಂತ ಸೇರಿಸಿ.

ಚಿಗರಿ ಬಗ್ಗೆ ಇಷ್ಟು ಕಷ್ಟ ಬೇಕಾಗಿಲ್ಲ. ವಿಶ್ವಬ್ಯಾಂಕ್ ನೆರವಿನ ಯೋಜನೆ ಆದ್ದರಿಂದ ಅದರ ಮೂಲ ಕಾಗದಗಳು ಬ್ಯಾಂಕಿನ ಜಾಲತಾಣದಲ್ಲೇ ಇವೆ.

ಬಲಬಾಗಿಲು ಬರೆದದ್ದು:

ಚಿಗರಿ ಲೇನ್ ಬಿಡುವ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ, ನಾನು ಹಾಕುತ್ತೇನೆ.

ಸುಮಾರು 22 ಕಿ.ಮೀ. ಕಾರಿಡಾರು. 2018ರ ಅಕ್ಟೋಬರ್ 2ರಿಂದ ಪ್ರಾಯೋಗಿಕ ಓಡಾಟ, 2020ರ ಫೆಬ್ರವರಿಯಲ್ಲಿ ಉದ್ಘಾಟನೆ. ನಿಲ್ದಾಣ ರಸ್ತೆಯ ನಡುವೆ, ಪ್ಲಾಟ್‌ಫಾರ್ಮ್ 900 ಮಿ.ಮೀ. ಎತ್ತರ, ಬಸ್ಸಿನ ನೆಲವೂ ಅಷ್ಟೇ, ಹತ್ತಿಳಿಯುವುದು ಬಲಬದಿಯಿಂದ. ಈ ಮೂರು ಅಳತೆ ಒಂದಕ್ಕೊಂದು ಗಂಟು ಬಿದ್ದಿವೆ. ಒಂದನ್ನು ಬದಲಿಸಿದರೆ ಉಳಿದೆರಡೂ ಬದಲಾಗಬೇಕು. ಟ್ರಾಮಿನಂಥ ಬಸ್ ಬರುವುದಾದರೆ ಮೊದಲು ಕೇಳಬೇಕಾದ್ದು ಅದರ ನೆಲದ ಎತ್ತರ ಎಷ್ಟು, ಬಾಗಿಲು ಯಾವ ಬದಿಗೆ. ನೆಲ ತಗ್ಗಿನದಾದರೆ ಪ್ರತಿ ನಿಲ್ದಾಣದ ಪ್ಲಾಟ್‌ಫಾರ್ಮ್ ಒಡೆದು ಇಳಿಸಬೇಕು, ಗಾಜಿನ ಬಾಗಿಲುಗಳ ಜಾಗ ಸರಿಸಬೇಕು. ಬಸ್ ಉದ್ದವಾದರೆ ಪ್ಲಾಟ್‌ಫಾರ್ಮ್ ಕೂಡ ಉದ್ದವಾಗಬೇಕು, ಡಿಪೋದ ತಿರುವೂ ನೋಡಬೇಕು. ನಿಲ್ದಾಣದಲ್ಲೇ ಚಾರ್ಜ್ ಆಗುವುದಾದರೆ ಹೆಸ್ಕಾಂನ ಎಚ್‌ಟಿ (ಹೆಚ್ಚಿನ ಒತ್ತಡದ ವಿದ್ಯುತ್) ಸಂಪರ್ಕಕ್ಕೆ ಜಾಗ ಎಲ್ಲಿ? "ಈಗಿರುವ ಮೂಲಸೌಕರ್ಯದಲ್ಲೇ ಓಡುತ್ತದೆ" ಎಂಬ ಮಾತಿನ ಹಿಂದೆ ಈ ಅಂಕಿಗಳು ಇರಬೇಕು.

ಇನ್ನು ಲೇನ್ ಎಲ್ಲರಿಗೂ ಬಿಡುವುದು. ಬಸ್ ಲೇನ್ ಯಾವಾಗಲೂ ಖಾಲಿ ಕಾಣುತ್ತದೆ, ಕಾಣಲೇಬೇಕು. ನಿಮಿಷಕ್ಕೆ ಒಂದು ಬಸ್, ಒಂದರಲ್ಲಿ 50 ಮಂದಿ ಅಂದರೆ ತಾಸಿಗೆ 3,000 ಮಂದಿ. ಆದರೂ ಎರಡು ಬಸ್ಸಿನ ನಡುವೆ ಐವತ್ತು ಸೆಕೆಂಡು ಡಾಂಬರು ಬರಿದೇ ಇರುತ್ತದೆ. ಅದೇ ಲೇನಿನಲ್ಲಿ ಸಿಗ್ನಲ್ ದಾಟಿ ತಾಸಿಗೆ 800 ಕಾರು, ಒಂದರಲ್ಲಿ ಒಂದೂವರೆ ಜನ ಅಂದರೆ 1,200 ಮಂದಿ. ಹಾಗಂತ ಚಿಗರಿ ಪರವೇ ಲೆಕ್ಕ ಬೀಳುತ್ತದೆ ಅಂತಿಲ್ಲ. ಮೂರು ನಿಮಿಷಕ್ಕೊಂದು ಬಸ್ ಆದರೆ 1,000ಕ್ಕೆ ಇಳಿಯಿತು, ಲೇನ್ ಬಿಡಿ ಅನ್ನುವವರ ಮಾತಿಗೆ ಬಲ ಬಂತು. ಅಂದಮೇಲೆ ಜಗಳ ಆಗಬೇಕಾದ್ದು ಲೇನಿನ ಬಗ್ಗೆ ಅಲ್ಲ, ದಿನಕ್ಕೆ ಎಷ್ಟು ಬಸ್ ಡಿಪೋದಿಂದ ಹೊರಬೀಳುತ್ತವೆ ಎಂಬ ಬಗ್ಗೆ.

ಕಾಲ್ನಡಿಗೆಯವರ ಲೆಕ್ಕವನ್ನಂತೂ ಯಾರೂ ಮಾಡುವುದಿಲ್ಲ. ಸೆಕೆಂಡಿಗೆ 1.2 ಮೀಟರ್ ನಡಿಗೆ ಅಂದುಕೊಂಡರೆ 7 ಮೀಟರಿನ ಎರಡು ಲೇನ್ ದಾಟಲು 6 ಸೆಕೆಂಡು. ಆಮೇಲಿನ ಬಸ್ ಲೇನು ಈಗ ಬಹುತೇಕ ಹೊತ್ತು ಖಾಲಿ, ಎಡಬಲ ನೋಡಿ ದಾಟುತ್ತಾರೆ. ಅಲ್ಲೂ ಕಾರು ಬೈಕು ಬಂದರೆ, ಓವರ್‌ಟೇಕ್ ಲೇನ್ ಇರುವ ನಿಲ್ದಾಣದಲ್ಲಿ ಇನ್ನೊಂದು 7 ಮೀಟರ್. ಬಟನ್ ಸಿಗ್ನಲ್ 6ರ ಬದಲು 12 ಸೆಕೆಂಡು ಎಲ್ಲವನ್ನೂ ನಿಲ್ಲಿಸಬೇಕು. ಮುದುಕರಿಗೆ ಅದೂ ಸಾಲದು.

ಟೋಲ್‌ನಾಕಾ ಬರೆದದ್ದು:

ಬಲಬಾಗಿಲು ಅವರ ಲೆಕ್ಕ ಒಣ ರಸ್ತೆದ್ದು. ಮಳಿ ಬಂದಾಗ ಟೋಲ್ ನಾಕಾದಾಗ ಮಿಶ್ರ ಲೇನು ನೀರಾಗ ಇರ್ತದ, ಬಸ್ ಲೇನ್ ಬಿಡ್ರಿ ಅನ್ನೂ ಕೂಗು ಅಲ್ಲಿಂದನ ಏಳೂದು. ಅದು ಸಂಚಾರದ ಸಮಸ್ಯಾ ಅಲ್ಲ, ಗಟಾರದ್ದು. ಲೆಕ್ಕ ಹಾಕಿ ನೋಡ್ರಿ. 10 ಹೆಕ್ಟೇರ್ ಜಾಗ, ತಾಸಿಗೆ 60 ಮಿ.ಮೀ. ಮಳಿ. ಮಣ್ಣು, ಹಿತ್ತಲ ಇದ್ದಾಗ ಅರ್ಧ ನೀರು ಇಂಗತದ, ಗುಣಕ 0.5 ಹಿಡದ್ರ ಸೆಕೆಂಡಿಗೆ 0.83 ಘನ ಮೀಟರ್ ಹರೀತದ. ಎಲ್ಲಾ ಕಾಂಕ್ರೀಟ್ ಆದ ಮ್ಯಾಲ ಗುಣಕ 0.9, ನೀರು 1.5 ಘನ ಮೀಟರ್. 900 ಮಿ.ಮೀ. ಕೊಳವಿ 300ಕ್ಕೆ 1ರ ಇಳಿಜಾರಿನಾಗ ತುಂಬಿ ಹರದ್ರೂ ಸುಮಾರು 1.04 ಅಷ್ಟ. ಅದ ಕೊಳವಿ ಮೊದಲ ಸಾಕಾಗತಿತ್ತು, ಈಗ ಸಾಲೂದಿಲ್ಲ. ಹೂಳು ಕಾಲುಭಾಗ ತುಂಬಿತಂದ್ರ ಮುಗೀತು. ಜತಿಗೆ ರಸ್ತೆ ನಡುವಿನ ಉದ್ದನ ಕಟ್ಟಿ ಒಡ್ಡಿನಂಗ ನಿಲ್ತದ, ನೀರು ಅಡ್ಡ ದಾಟಾಕ ಅಲ್ಲಲ್ಲಿ ತೂತು ಇಲ್ಲದಿದ್ರ ಒಂದ ಮಗ್ಗಲಕ್ಕ ಸೇರತದ.

ಹಂಗಾಗಿ ಯಾವ ರಸ್ತೆ ನಕ್ಷೆ ಬದಲಾದ್ರೂ ಚರಂಡಿಯ ಹಾಳೆ ಬದಲಾಗೇದೋ ಇಲ್ಲೋ ನೋಡ್ರಿ. ರಸ್ತೆ ಆರ್3ಕ್ಕ ಹೋಗಿ ಚರಂಡಿ ಆರ್0ದಾಗ ಕುಂತಿರೂದು ಹೊಸದೇನಲ್ಲ.

ಬಲಬಾಗಿಲು ಬರೆದದ್ದು:

ಒಪ್ಪಿದೆ. ಆದರೆ ನೀರು ನಿಂತ ದಿನ ಬಸ್ ಲೇನ್ ಬಿಡುವುದಕ್ಕೆ ಯೋಜನೆ ಬದಲಿಸಬೇಕಿಲ್ಲ, ಸಂಚಾರ ಪೊಲೀಸರು ಆ ಹೊತ್ತಿಗೆ ತಿರುಗಿಸಿದರೆ ಸಾಕು. ಖಾಯಂ ಬಿಟ್ಟರೆ ಹಿಂದಕ್ಕೆ ಪಡೆಯುವುದು ಆಗದ ಮಾತು.

ಎರೆಮಣ್ಣು ಬರೆದದ್ದು:

ಟೋಲ್‌ನಾಕಾ ಹೇಳಿದ್ದಕ್ಕೆ ಒಂದು ಸೇರಿಕೆ. ಚರಂಡಿ ಹಾಳೆ ಸಿಕ್ಕಾಗ ಕೊಳವೆಯ ವ್ಯಾಸ ನೋಡಿ ಸುಮ್ಮನಾಗಬೇಡಿ, ಇನ್ವರ್ಟ್ ಲೆವೆಲ್ (ಕೊಳವೆಯ ಒಳತಳದ ಮಟ್ಟ) ಓದಿ. ಮೇಲಿನ ಚೇಂಬರಿನ ಇನ್ವರ್ಟ್‌ಗಿಂತ ಕೆಳಗಿನ ಚೇಂಬರಿನದು ತಗ್ಗಿನಲ್ಲಿರಬೇಕು, ಕೊನೆಗೆ ಸೇರುವ ನಾಲಾದ ತಳ ಅದಕ್ಕಿಂತ ತಗ್ಗಿನಲ್ಲಿರಬೇಕು. ಎಲ್ಲೋ ಒಂದು ಕಡೆ ಕೇಬಲ್ ಅಡ್ಡ ಬಂತೆಂದು ಕೊಳವೆಯನ್ನು 20 ಸೆಂ.ಮೀ. ಎತ್ತಿ ಹಾಯಿಸಿದ್ದರೆ ಆ ಹಾಳೆಯಲ್ಲೇ ಕಾಣುತ್ತದೆ. ಹಾಳೆಯಲ್ಲಿ ಕಾಣದಿದ್ದರೆ ಚೇಂಬರಿನ ಮುಚ್ಚಳ ತೆಗೆಸಿ, ಮೇಲಿನಿಂದ ತಳಕ್ಕೆ ಪಟ್ಟಿ ಇಳಿಬಿಟ್ಟು ಅಳೆಸಿ. ಆ ಅಳತೆಯನ್ನು ಎಂಬಿ ಪುಸ್ತಕದ (ಮಾಡಿದ ಕೆಲಸದ ಅಳತೆ ಬರೆದಿಡುವ ಪುಸ್ತಕ) ಅಳತೆಯ ಪಕ್ಕಕ್ಕೆ ಇಟ್ಟು ನೋಡಿ.